ಹಗೇವಿನ ಮೇಲಿನ ಕೈಗಳು

ರಾಜ ಸಿಕ್ಕ ದಿನ ನಮ್ಮ ಪ್ರಯೋಗಾಲಯದಲ್ಲಿ ಮೈಸೂರುಪಾಕು ಹಂಚಿದರು. ನಾನು ಎರಡು ತುಂಡು ತಿಂದೆ. ಆಮೇಲೆ ನಡೆದದ್ದನ್ನೆಲ್ಲ ನೆನೆಸಿಕೊಂಡರೆ ಆ ಎರಡನೆಯ ತುಂಡಿನ ಬಗ್ಗೆ ಈಗಲೂ ನಾಚಿಕೆಯಾಗುತ್ತದೆ.

ಸಿಕ್ಕಿದ್ದು ರಾಜನ ಕಿರೀಟವೂ ಅಲ್ಲ, ಎಲುಬೂ ಅಲ್ಲ. ಅವನ ಅಂಗೈ ಬೆವರು. ಚಿತ್ರದುರ್ಗ ಸೀಮೆಯ ಬೂದಿಬಂಡೆಹಟ್ಟಿಯ ಪಕ್ಕದ ಗುಡ್ಡದಲ್ಲಿ ನಾಲ್ಕು ಸಾವಿರ ವರ್ಷ ಹಳೆಯ ಹಗೇವೊಂದು ಪತ್ತೆಯಾಗಿತ್ತು. ಹಗೇವು ಎಂದರೆ ನೆಲದಡಿಯ ಕಣಜ. ಆಳು ಇಳಿಯುವಷ್ಟು ದೊಡ್ಡ ಗುಂಡಿ, ಒಳಗೆ ಊರಿನ ಕಾಳು, ಬಾಯಿಗೊಂದು ಚಪ್ಪಡಿ, ಚಪ್ಪಡಿಯ ಸುತ್ತ ಗಾಳಿ ನೀರು ನುಸುಳದಂತೆ ಮೆತ್ತಿದ ಹಸಿಮಣ್ಣು. ಸುಗ್ಗಿ ಮುಗಿದ ಮೇಲೆ ತುಂಬಿ ಮೆತ್ತುವುದು, ಬಿತ್ತನೆಗೆ ಮುಂಚೆ ಒಡೆದು ತೆಗೆಯುವುದು. ಒಡೆದಾಗ ಮಣ್ಣಿನ ಅಂಚು ಬಂಡೆಗೇ ಅಂಟಿಕೊಂಡು ಉಳಿಯುತ್ತಿತ್ತು, ಮರುವರ್ಷ ಅದರ ಮೇಲೇ ಹೊಸ ಮಣ್ಣು. ಹೀಗೆ ಐವತ್ತೆರಡು ವರ್ಷಗಳ ಮಣ್ಣು ಚಪಾತಿಯ ಪದರಗಳಂತೆ ಒಂದರ ಮೇಲೊಂದು ಕೂತಿತ್ತು.

ಆ ಪದರಗಳನ್ನು ಓದಲು ನಮ್ಮಲ್ಲೊಂದು ಯಂತ್ರವಿತ್ತು. ಹೆಸರು ಕೈಯೋದುಗ. ನಮ್ಮ ಅಂಗೈ ಮೇಲೆ ಕಣ್ಣಿಗೆ ಕಾಣದ ಕೋಟ್ಯಂತರ ಜೀವಾಣುಗಳು ಸಂಸಾರ ಹೂಡಿರುತ್ತವೆ. ಅವು ಬರುವುದು ತಾಯಿಯ ಕೈಯಿಂದ, ಬೆಳೆಯುವುದು ಊರಿನ ನೀರು, ಮಣ್ಣು, ಊಟದಿಂದ. ಹಾಗಾಗಿ ಒಂದೂರಿನಲ್ಲಿ ಬಾಳಿದವರ ಕೈಗಳಿಗೆಲ್ಲ ಒಂದು ಹೋಲಿಕೆ ಇರುತ್ತದೆ. ಬೆವರಿನ ಜಿಡ್ಡು ಮಾತ್ರ ಒಬ್ಬೊಬ್ಬರದು ಒಂದೊಂದು ಬಗೆ, ಸಾಯುವವರೆಗೂ ಬದಲಾಗದು. ಹಸಿಮಣ್ಣು ಮೆತ್ತಿದ ಕೈ ಇವೆರಡನ್ನೂ ಮಣ್ಣಿನಲ್ಲಿ ಬಿಟ್ಟುಹೋಗುತ್ತದೆ. ಕೈಯೋದುಗ ಅವನ್ನು ಎತ್ತಿ, ಇಷ್ಟು ಜನ ಮುಟ್ಟಿದ್ದಾರೆ, ಯಾರ ಕೈ ಮೊದಲು, ಯಾರದು ಕೊನೆ ಎಂದು ಪಟ್ಟಿ ಕೊಡುತ್ತದೆ. ನಾನು ಅದರ ನಿರ್ವಾಹಕಿ, ಬೊಮ್ಮಕ್ಕ. ನಿರ್ವಾಹಕಿ ಎಂದರೆ ದೊಡ್ಡ ಹುದ್ದೆಯೇನಲ್ಲ. ಅದಕ್ಕೆ ಸ್ನಾನ ಮಾಡಿಸುವುದು, ಮೈ ಬಿಸಿಯಾದರೆ ಆರಿಸುವುದು, ಅದರ ಗೊಣಗಾಟ ಕೇಳಿಸಿಕೊಳ್ಳುವುದು.

ಯಂತ್ರ ಕೊಟ್ಟ ಪಟ್ಟಿ ಹೀಗಿತ್ತು: ಐವತ್ತೆರಡು ಪದರಗಳಲ್ಲಿ ನಲವತ್ತಮೂರರಲ್ಲಿ ತಲಾ ಒಂದೇ ಒಂದು ಕೈ. ಅದೂ ಆ ನೆಲದ್ದಲ್ಲ, ಹೊರಗಿನಿಂದ ಬಂದವರದು. ಉಳಿದ ಒಂಬತ್ತು ಪದರ ಖಾಲಿ.

"ಗೊತ್ತಾಯ್ತಾ?" ಎಂದು ನಮ್ಮ ನಿರ್ದೇಶಕ ಡಾ. ಪ್ರಭಂಜನ ಎದ್ದು ನಿಂತು ಕೇಳಿದರು. ಅವರಿಗೆ ಖುಷಿಯಾದಾಗ ಕನ್ನಡಕ ತೆಗೆದು ಕೈಯಲ್ಲಿ ಹಿಡಿದು ಅಲ್ಲಾಡಿಸುವ ಅಭ್ಯಾಸ. "ಹೊರಗಿಂದ ಬಂದ ಒಂದು ಮನೆತನ. ಊರಿನ ಕಾಳಿಗೆ ಅವರು ಬಿಟ್ರೆ ಬೇರೆ ಯಾರೂ ಕೈ ಹಚ್ಚೋ ಹಾಗಿಲ್ಲ. ಕಾಳು ಕೂಡಿಟ್ಟ ಮೊದಲ ದಿನವೇ ಒಡೆಯ ಹುಟ್ಟಿದ್ದಾನೆ ನೋಡಿ! ಮೇಲು ಕೀಳು ಅನ್ನೋದು ಮನುಷ್ಯನ ತಪ್ಪಲ್ಲ, ಅದು ಕಾಳಿನ ಗುಣ."

ಮಾತು ಚೆನ್ನಾಗಿತ್ತು. ಎಲ್ಲರೂ ಚಪ್ಪಾಳೆ ತಟ್ಟಿದರು, ನಾನೂ ತಟ್ಟಿದೆ.

ಇದು ಬರಿಯ ಪುಸ್ತಕದ ವಿಷಯವಾಗಿದ್ದರೆ ಇಷ್ಟು ಬರೆಯುವ ಅಗತ್ಯವೇ ಇರಲಿಲ್ಲ. ಆಗ ೨೦೬೮. ಪುರಾವೆ ಕಾಯ್ದೆ ಬಂದು ಹದಿನೈದು ವರ್ಷವಾಗಿತ್ತು. ಸರ್ಕಾರ ಯಾವ ಹೊಸ ಕಾನೂನು ತರುವುದಿದ್ದರೂ ಅದಕ್ಕೆ ವಿಜ್ಞಾನದ ಪುರಾವೆ ಇರಬೇಕು, ಪುರಾವೆ ಆಯೋಗದ ಮುಂದೆ ಅದನ್ನು ತೋರಿಸಬೇಕು. ಬಾಯಿಗೆ ಬಂದಂತೆ ಕಾನೂನು ಮಾಡುವುದನ್ನು ತಡೆಯಲೆಂದು ಒಳ್ಳೆಯ ಮನಸ್ಸಿನಿಂದಲೇ ತಂದ ಕಾಯ್ದೆ. ಈಗ ಸರ್ಕಾರಕ್ಕೆ ಊರೂರಿನ ಸಾಮೂಹಿಕ ಬೀಜದಮನೆಗಳ ಮೇಲೆ ಕಣ್ಣು ಬಿದ್ದಿತ್ತು. ಊರವರೇ ಸೇರಿ ನಡೆಸುವ ಈ ಮನೆಗಳಿಗೆಲ್ಲ ತಲಾ ಒಬ್ಬ ಬೀಜಾಧಿಕಾರಿಯನ್ನು ನೇಮಿಸಿ, ಬೀಗ ಅವನ ಕೈಗೆ ಕೊಡಬೇಕು. ಯಾರಿಗೆ ಯಾವ ಬೀಜ, ಎಷ್ಟು ಎಂದು ಅವನೇ ಹೇಳಬೇಕು. ಪುರಾವೆ? ನಮ್ಮ ಹಗೇವು. ಸಂಗ್ರಹ ಇರುವಲ್ಲಿ ಒಡೆಯ ಇರುವುದೇ ಪ್ರಕೃತಿ ನಿಯಮ ಎಂದು ನಾವು ತೋರಿಸಿಬಿಟ್ಟಿದ್ದೆವಲ್ಲ. ಆಯೋಗದ ವಿಚಾರಣೆ ಇನ್ನು ಹತ್ತು ದಿನಕ್ಕೆ. ಪಟ್ಟಿಯಲ್ಲಿ ಮೊದಲ ಹೆಸರು ಬೂದಿಬಂಡೆಹಟ್ಟಿಯ ಬೀಜದಮನೆ.

ಬೂದಿಬಂಡೆಹಟ್ಟಿ ನನ್ನೂರು. ಆ ಬೀಜದಮನೆಯನ್ನು ನಡೆಸುವ ಹೆಂಗಸರಲ್ಲಿ ನಮ್ಮವ್ವ ಓಬಮ್ಮನೂ ಒಬ್ಬಳು.

ಸುದ್ದಿ ಎಲ್ಲ ಕಡೆ ಹಬ್ಬಿದ ಮೇಲೆ, ಆ ಭಾನುವಾರ ಊರಿಗೆ ಹೋದೆ. ಅವ್ವ ಜಗುಲಿಯ ಮೇಲೆ ಕೂತು ಮೊರದಲ್ಲಿ ಸಾಮೆ ಕೇರುತ್ತಿದ್ದಳು. ನನ್ನನ್ನು ನೋಡಿದವಳು ಕೈ ನಿಲ್ಲಿಸಲಿಲ್ಲ.

"ರಾಜ ಸಿಕ್ಕನಂತಲ್ಲೇ ಬೊಮ್ಮೀ. ನಮ್ಮ ಬೀಜದ್ಮನೆ ಬೀಗ ಕಿತ್ಕಳಕೆ ನಾಕ್ಸಾವ್ರ ವರ್ಷದಿಂದ ಕಾಯ್ತಾ ಕುಂತಿದ್ನಾ ಅವ್ನು?"

ಮಾತು ತೇಲಿಸಲು ತಮಾಷೆಗೆ ಇಳಿದೆ.

"ರಾಜಂದು ಒಂದೇ ಕೈ ಕಣವ್ವ, ನಿಮ್ಮವೇ ರಾಶಿ ರಾಶಿ. ಯಂತ್ರ ನಿಮ್ಮನ್ನೆಲ್ಲ ಜರಡಿ ಹಿಡಿದು ಆಚೆ ಹಾಕೋದ್ರೊಳಗೆ ಸುಸ್ತಾಗೋಯ್ತು. ಗುದ್ದಲಿ ಹಿಡಿಯೋದು ಬಿಟ್ಟು ಹಗೇವಿನ ಬಾಯಿ ಸವರ್ತಾ ಕೂತಿದ್ರಾ?"

ಈ ಜರಡಿಯ ವಿಷಯ ಹೇಳಬೇಕು. ಅಗೆತದ ಕೆಲಸಕ್ಕೆ ಹಟ್ಟಿಯ ನಲವತ್ತಾರು ಹೆಂಗಸರು ಬಂದಿದ್ದರು, ಅವ್ವನೂ ಸೇರಿ. ಅಗೆದವರ ಕೈ ಮಣ್ಣಿಗೆ ತಾಗಿರುತ್ತದಲ್ಲ, ಅದು ಹಳೆಯ ಕೈಗಳ ಜೊತೆ ಬೆರೆಯಬಾರದು. ಅದಕ್ಕೆ ಮೊದಲೇ ಅವರೆಲ್ಲರ ಅಂಗೈಯನ್ನು ಹತ್ತಿಯಲ್ಲಿ ಒರೆಸಿ ಯಂತ್ರಕ್ಕೆ ಕೊಟ್ಟು, ಇಂಥ ಕೈ ಕಂಡರೆ ಲೆಕ್ಕಕ್ಕೆ ಹಿಡಿಯಬೇಡ ಎಂದು ಕಲಿಸಿರುತ್ತೇವೆ. ಅದೇ ಜರಡಿ. ಕಲಿಸಿದವಳು ನಾನೇ.

ಅವ್ವ ಮೊರ ಕೆಳಗಿಟ್ಟಳು.

"ನಾವ್ಯಾವಾಗ್ಲೇ ಮುಟ್ಟಿದ್ದು? ಹಗೇವಿನ ಬಾಯಿ ಕಾಣಿಸ್ತೋ ಇಲ್ವೋ, ನಿಮ್ ಸಾಹೇಬ್ರು ನಮ್ಮನ್ನೆಲ್ಲ ಹಳ್ಳದಾಚೆ ನಿಲ್ಸಿದ್ರು. ಕೈಗೆ ಗ್ಲೌಸು, ಬಾಯಿಗೆ ಬಟ್ಟೆ ಹಾಕ್ಕಂಡು ಅವರೇ ಎತ್ತಿದ್ರು. ನಾವು ಆಚೆ ದಡದಾಗೆ ಕುಂತು ಎಲೆಅಡಿಕೆ ಹಾಕ್ಕಂಡು ನೋಡಿದ್ವಿ, ಅಷ್ಟೆ."

"ಸರಿಯಾಗಿ ನೆನಪೈತಾ?"

"ಮುಟ್ಬ್ಯಾಡಿ ಅಂತ ದೂರ ನಿಲ್ಸಿದ್ದನ್ನ ಯಾರಾದ್ರೂ ಮರೀತಾರೇನೆ?"

ನನಗೆ ಕೂರಲಾಗಲಿಲ್ಲ. ಊಟಕ್ಕೂ ನಿಲ್ಲದೆ ಬಸ್ಸು ಹತ್ತಿದೆ. ಅವ್ವ ಹಿಂದಿನಿಂದ ಬೈಯುತ್ತಿದ್ದದ್ದು ತಿರುವಿನವರೆಗೂ ಕೇಳುತ್ತಿತ್ತು.

ಪ್ರಯೋಗಾಲಯದಲ್ಲಿ ಯಾರೂ ಇರಲಿಲ್ಲ. ಜರಡಿ ಆಚೆ ಹಾಕಿದ್ದರ ಕಡತ ತೆರೆದೆ. ಅದನ್ನು ಯಾರೂ ತೆರೆಯುವುದಿಲ್ಲ. ಕಸದ ಬುಟ್ಟಿಯನ್ನು ಯಾರು ಓದುತ್ತಾರೆ? ಮೊದಲ ಪದರದಿಂದ ಅರವತ್ತೆರಡು ಕೈ ಆಚೆ ಹೋಗಿದ್ದವು. ಎರಡನೆಯದರಿಂದ ಐವತ್ತೊಂಬತ್ತು. ಮೂರನೆಯದರಿಂದ ಅರವತ್ತಾರು. ಎಲ್ಲದರ ಮುಂದೆಯೂ ನಾನೇ ಕೊಟ್ಟ ಹಣೆಪಟ್ಟಿ: "ಹಟ್ಟಿ ಕೂಲಿ, ತೆಗೆಯಿರಿ."

ಕೈಯ ಕಣಗಳಿಗೆ ವಯಸ್ಸಿರುತ್ತದೆ. ಹೊಸದಾದರೆ ನೆಟ್ಟಗಿರುತ್ತವೆ, ಸಾವಿರಾರು ವರ್ಷ ಹಳೆಯದಾದರೆ ಒಣಗಿದ ಎಲೆಯ ಹಾಗೆ ಸುರುಟಿಕೊಂಡಿರುತ್ತವೆ. ಒಂದೇ ಗುಂಡಿ ಒತ್ತಿದರೆ ಗೊತ್ತಾಗುವ ಸಂಗತಿ. ಒತ್ತಿದೆ. ಅರವತ್ತೆರಡೂ ಸುರುಟಿದ್ದವು. ಎರಡನೆಯ ಪದರ, ಮೂರನೆಯದು, ನಾಲ್ಕನೆಯದು, ನೋಡಿದಷ್ಟೂ ಸುರುಟಿದ್ದವು. ಅವು ಅವ್ವನ ಕೈಗಳಲ್ಲ. ಅವ್ವನ ಕೈಯಂಥ ಕೈಗಳು, ನಾಲ್ಕು ಸಾವಿರ ವರ್ಷ ಹಿಂದಿನವು.

ನನಗೆ ಅಳು ಬಂತು, ಅಳುತ್ತಲೇ ನಕ್ಕೆ. ಆ ಗುಡ್ಡದ ನೀರು, ಆ ಬೂದಿಮಣ್ಣು, ಆ ಸಾಮೆ ನವಣೆ, ಇವನ್ನೇ ಮುಟ್ಟಿಕೊಂಡು ತಾಯಿಯಿಂದ ಮಗುವಿಗೆ, ಅಕ್ಕಪಕ್ಕದ ಮನೆಯಿಂದ ಮನೆಗೆ ಆ ಕೈಯ ಸಂಸಾರ ನಾಲ್ಕು ಸಾವಿರ ವರ್ಷ ಹರಿದು ಬಂದಿತ್ತು. ಇದು ರಕ್ತದ ಮಾತಲ್ಲ. ಎಲ್ಲಿಂದಲೋ ಬಂದವರ ಕೈಯೂ ಅಲ್ಲಿ ಒಂದು ವರ್ಷ ದುಡಿದು ಉಂಡರೆ ಅದೇ ಬಗೆಯದಾಗುತ್ತದೆ. ನಾವು ಯಂತ್ರಕ್ಕೆ "ಹಟ್ಟಿಯವರ ಕೈಯಂಥದ್ದು ಕಂಡರೆ ಬಿಸಾಡು" ಎಂದಿದ್ದೆವು. ಅದು ವಿಧೇಯವಾಗಿ ಇಡೀ ಊರನ್ನೇ ಬಿಸಾಡಿ, ಇನ್ನೂ ಊರಿನದಾಗಿರದ ಒಂದು ಕೈಯನ್ನು ಮಾತ್ರ ಉಳಿಸಿ, ತೆಗೆದುಕೊಳ್ಳಿ ನಿಮ್ಮ ರಾಜ ಎಂದು ಕೊಟ್ಟಿತ್ತು. ಕೂಲಿಗೆ ಬಂದವರಿಗೂ ಹಗೇವು ಕಟ್ಟಿದವರಿಗೂ ಏನಾದರೂ ಸಂಬಂಧ ಇದ್ದೀತು ಎಂದು ಅಷ್ಟು ಓದಿದ ನಮ್ಮಲ್ಲಿ ಒಬ್ಬರಿಗೂ ಹೊಳೆಯಲಿಲ್ಲ. ಅದೇ ಹಟ್ಟಿಯಲ್ಲಿ ಹುಟ್ಟಿದ ನನಗೂ ಹೊಳೆಯಲಿಲ್ಲ. ಹೆತ್ತವ್ವನ ಕೈಗೆ ನಾನೇ ಕಸದ ಚೀಟಿ ಅಂಟಿಸಿದ್ದೆ.

ಸೋಮವಾರ ಬೆಳಿಗ್ಗೆ ಡಾ. ಪ್ರಭಂಜನರ ಮುಂದೆ ಎಲ್ಲವನ್ನೂ ಇಟ್ಟೆ. ಅವರು ಕೂಗಾಡುತ್ತಾರೆಂದು ತಿಳಿದಿದ್ದೆ. ಕೂಗಾಡಲಿಲ್ಲ. ಬಹಳ ಹೊತ್ತು ಓದಿದರು. ಅವರು ಕೆಟ್ಟವರಲ್ಲ, ತಮ್ಮ ಮಾತನ್ನು ತಾವೇ ವಿಪರೀತ ಮೆಚ್ಚಿಕೊಳ್ಳುವವರು, ಅಷ್ಟೆ.

"ಜರಡಿ ತಪ್ಪಾಗಿದೆ, ಒಪ್ತೀನಿ," ಅಂದರು. "ಆದ್ರೆ ಬೊಮ್ಮಕ್ಕ, ಇದರಿಂದ ರಾಜ ಹೋಗಲ್ಲ. ಅರವತ್ತು ಜನ ಮಣ್ಣು ಮೆತ್ತಿದ್ರು. ಸರಿ, ಆಳುಗಳು ಮೆತ್ತಿದ್ರು. ಕೊನೇ ಕೈ ಯಾರದ್ದು? ಪ್ರತಿ ಸಲವೂ ಆ ಹೊರಗಿನ ಕೈ. ಅದು ಮುದ್ರೆ. ಒಡೆಯನ ಮುದ್ರೆ. ಅದು ಬೇರೇನು ಅಂತ ನೀವು ಹೇಳಿಬಿಟ್ರೆ ನಾನೇ ವರದಿ ಹರಿದು ಹಾಕ್ತೀನಿ."

ನಾನು ಪಟ್ಟಿ ಎತ್ತಿಕೊಂಡು ಹೊರಬಂದೆ. ವಿಚಾರಣೆಗೆ ಎಂಟು ದಿನ ಉಳಿದಿತ್ತು.

ಮತ್ತೆ ಊರಿಗೆ ಹೋದೆ. ಈ ಸಲ ಅವ್ವ ಮೊದಲು ಮುದ್ದೆ ಬಡಿಸಿ, ಉಂಡು ಮುಗಿಯುವವರೆಗೆ ಬಾಯಿ ಬಿಡಬಾರದು ಎಂದು ಎದುರಿಗೆ ಕೂತಳು. ಉಂಡಾದ ಮೇಲೆ ಕೇಳಿದೆ, ಊರವರೆಲ್ಲ ಸೇರಿ ಮೆತ್ತಿದ ಮೇಲೆ ಕೊನೆಯಲ್ಲಿ ಹೊರಗಿನವರು ಒಬ್ಬರು ಬಂದು ಕೈ ಒತ್ತುತ್ತಾರೆ, ಅದು ಯಾಕಿರಬಹುದು?

ಅವ್ವ ನನ್ನನ್ನು ಪೆದ್ದಿಯನ್ನು ನೋಡುವ ಹಾಗೆ ನೋಡಿದಳು.

"ನೀನು ಓದೋಕೋಗಿ ಊರೇ ಮರ್ತೆ. ನಮ್ಮ ಬೀಜದ್ಮನೇಲಿ ಅಳೆಯೋರು ಯಾರೇ?"

"ಹೊಸ ಸೊಸೆ," ಅಂದೆ. ಅಂದವಳು ಹಾಗೇ ಬಾಯಿ ತೆರೆದು ಕೂತೆ.

"ಹ್ಞೂಂ ಮತ್ತೆ. ಆ ವರ್ಷ ಯಾವ ಹೊಸ ಸೊಸೆ ಊರಿಗೆ ಬಂದವ್ಳೋ ಅವ್ಳೇ ಅಳೀಬೇಕು, ಅವ್ಳೇ ಬಾಗ್ಲು ಹಾಕ್ಬೇಕು. ಯಾಕೆ? ಅವ್ಳಿಗಿನ್ನೂ ಊರಾಗೆ ಯಾರ ಮ್ಯಾಲೂ ಸಿಟ್ಟಿರಲ್ಲ, ಯಾರ ಮ್ಯಾಲೂ ಪಿರೂತಿ ಇರಲ್ಲ. ವರ್ಷ ಕಳೀಲಿ, ನೀರು ಹಿಡಿಯೋ ತಾವ ನಾಕು ಜಗಳ ಆಡ್ತಾಳೆ, ನಾಕು ಜನರ ಹತ್ರ ಗುಟ್ಟು ಹೇಳ್ಕಂತಾಳೆ. ಆಮ್ಯಾಕೆ ಅವ್ಳ ಕೈಲಿ ಸೇರು ಕೊಡ್ತಾರಾ? ನಾನೂ ಬಂದ ವರ್ಷ ಅಳ್ದಿದ್ದೆ. ಮೂರು ತಿಂಗ್ಳ ಸೊಸೆ, ಯಾರ ಹೆಸ್ರೂ ಗೊತ್ತಿರ್ಲಿಲ್ಲ."

"ಸೊಸೆ ಬರದ ವರ್ಷ?"

"ಯಾರು ಹೊಸಬರಿದ್ರೆ ಅವ್ರು. ಒಂದ್ಸಲ ಇಸ್ಕೂಲ್ ಮೇಷ್ಟ್ರು ಕೈಲಿ ಅಳೆಸಿದ್ವಿ. ಸೇರಿಗೆ ಕಾಲು ಸೇರು ಚೆಲ್ಲಿದ ಪುಣ್ಯಾತ್ಮ."

ನಾನು ಅವ್ವನ ಎರಡೂ ಕೈ ಹಿಡಿದು ಮುಖಕ್ಕೆ ಒತ್ತಿಕೊಂಡೆ. "ಥೂ, ಸಾಮೆ ಹೊಟ್ಟು ಐತೆ ಕಣೆ," ಎಂದಳು, ಆದರೆ ಕೈ ಎಳೆದುಕೊಳ್ಳಲಿಲ್ಲ.

ಅವ್ವನ ಮಾತು ಪುರಾವೆಯಲ್ಲ. ಈಗಿನ ಪದ್ಧತಿ ಆಗಲೂ ಇತ್ತೆಂದು ಹೇಗೆ ಹೇಳುವುದು? ಆದರೆ ಅದನ್ನು ಪರೀಕ್ಷಿಸುವುದು ಸುಲಭವಿತ್ತು. ಪ್ರಯೋಗಾಲಯಕ್ಕೆ ಹಿಂತಿರುಗಿ ಯಂತ್ರಕ್ಕೆ ಎರಡು ಪ್ರಶ್ನೆ ಹಾಕಿದೆ. ಮೊದಲನೆಯದು, ಈ ನಲವತ್ತಮೂರು ಕೈಗಳು ಹೆಣ್ಣಿನವೋ ಗಂಡಿನವೋ? ಆ ಖಾನೆ ಮೊದಲಿಂದಲೂ ಇತ್ತು. ರಾಜ ಎಂದ ಮೇಲೆ ಗಂಡಸೇ ಎಂದು ಯಾರೂ ಒತ್ತಿರಲಿಲ್ಲ. ಉತ್ತರ ಬಂತು: ನಲವತ್ತೊಂದು ಹೆಣ್ಣು, ಎರಡು ಗಂಡು. ಬೆವರಿನ ಜಿಡ್ಡಿನ ಪ್ರಕಾರ ನಲವತ್ತಮೂರೂ ಬೇರೆ ಬೇರೆ ಜನ, ತಾಯಿಯಿಂದ ಬಂದ ಜೀವಾಣುಗಳ ಪ್ರಕಾರ ಒಬ್ಬರಿಗೊಬ್ಬರು ಸಂಬಂಧವಿಲ್ಲ. ಮನೆತನವೆಂಬುದು ಅಲ್ಲಿಗೆ ಮುಗಿಯಿತು.

ಆಮೇಲೆ ಎರಡನೆಯ ಪ್ರಶ್ನೆ. ಮೊದಲ ಪದರದ ಕೊನೆಯ ಕೈ ಮರುವರ್ಷ ಎಲ್ಲಿದೆ? ಯಂತ್ರ ಗೊಣಗಿತು, ಬಿಸಿಯಾಯಿತು, ಪಟ್ಟಿ ಚೆಲ್ಲಿತು. ಮೊದಲ ವರ್ಷದ "ರಾಜ" ಎರಡನೆಯ ವರ್ಷ ಅರವತ್ತು ಕೈಗಳ ನಡುವೆ ಮೂವತ್ತನಾಲ್ಕನೆಯವಳಾಗಿ ಮಣ್ಣು ಮೆತ್ತುತ್ತಿದ್ದಳು. ಎರಡನೆಯ ವರ್ಷದವಳು ಮೂರನೆಯ ವರ್ಷ ಹನ್ನೆರಡನೆಯವಳು. ಪ್ರತಿಯೊಬ್ಬಳೂ ಒಂದು ವರ್ಷ ಮಾತ್ರ ಕೊನೆಯ ಕೈ, ಆಮೇಲೆ ಊರಿನ ಕೈ. ನಾವು ನಲವತ್ತಮೂರು ದೊರೆಗಳೆಂದು ಸಿಹಿ ಹಂಚಿದ್ದು ಮೂರು ತಿಂಗಳ ಸೊಸೆಯರಿಗೆ!

ಡಾ. ಪ್ರಭಂಜನ ಆ ಪಟ್ಟಿ ನೋಡಿ ಮಾತಿಗೆ ತಕ್ಕಂತೆ ತಮ್ಮ ವರದಿಯನ್ನು ನನ್ನೆದುರೇ ಹರಿದರು. ನಾನು ಗೆದ್ದೆ ಎಂದುಕೊಂಡೆ. ಆಗ ಅವರು ಕೇಳಿದರು.

"ಆ ಖಾಲಿ ಒಂಬತ್ತು ಪದರ? ಜರಡಿ ತೆಗೆದ ಮೇಲೆ ಅಲ್ಲೇನಿದೆ?"

ಸಂಭ್ರಮದಲ್ಲಿ ನಾನು ಅದನ್ನು ನೋಡೇ ಇರಲಿಲ್ಲ. ಇಪ್ಪತ್ತಮೂರನೆಯದರಿಂದ ಮೂವತ್ತೊಂದನೆಯ ಪದರದವರೆಗೆ ತೆರೆದೆವು. ಒಂದೇ ಕೈ. ಊರಿನದೇ ಕೈ, ಗಂಡಸಿನದು. ಒಂಬತ್ತು ವರ್ಷವೂ ಅದೇ ಮನುಷ್ಯ. ಸೊಸೆ ಇಲ್ಲ, ಅರವತ್ತು ಜನ ಇಲ್ಲ. ಊರಿನ ಕಾಳನ್ನು ಒಬ್ಬನೇ ತೆರೆದು ಒಬ್ಬನೇ ಮುಚ್ಚಿದ್ದ.

ಡಾ. ಪ್ರಭಂಜನರ ಕನ್ನಡಕ ಮತ್ತೆ ಕೈಗೆ ಬಂತು. "ಇವನೇ! ಇವನೇ ನನ್ನ ರಾಜ. ಮೂವತ್ತೆರಡರಲ್ಲಿ?"

ಮೂವತ್ತೆರಡನೆಯ ಪದರದಲ್ಲಿ ನೂರ ಹದಿನೆಂಟು ಕೈಗಳಿದ್ದವು. ಹಗೇವಿನ ಇತಿಹಾಸದಲ್ಲೇ ಅಷ್ಟು ಜನ ಒಟ್ಟಿಗೆ ಮೆತ್ತಿರಲಿಲ್ಲ. ಚಿಕ್ಕ ಮಕ್ಕಳ ಕೈಗಳೂ ಇದ್ದವು.

"ಅಂದ್ರೆ ದಂಗೆ," ಎಂದರು. "ರಕ್ತಪಾತ. ನೋಡಿ, ನನ್ನ ವಾದ ಈಗ ಇನ್ನೂ ಗಟ್ಟಿಯಾಯ್ತು. ಬೀಗ ಊರಿನ ಕೈಲಿ ಬಿಟ್ರೆ ಒಂದಲ್ಲ ಒಂದು ದಿನ ಬಲ ಇರೋನು ಕಿತ್ಕೋತಾನೆ, ಆಮೇಲೆ ಅವನನ್ನ ಕೊಲ್ಲಬೇಕಾಗುತ್ತೆ. ಅದಕ್ಕಿಂತ ಸರ್ಕಾರವೇ ಮೊದಲೇ ಒಬ್ಬನ್ನ ನೇಮಿಸೋದು ಕ್ಷೇಮ ಅಲ್ವಾ?"

ಅವರು ಹೋದ ಮೇಲೆ ಒಬ್ಬಳೇ ಕೂತೆ. ಆಯೋಗದಲ್ಲಿರುವ ಹಳೆಯ ಪಟ್ಟಿಯಲ್ಲಿ ಆ ಒಂಬತ್ತು ಪದರ ಖಾಲಿ ಎಂದೇ ಇತ್ತು. ಹೊಸ ಪಟ್ಟಿ ಕಳಿಸಬೇಕಾದವಳು ನಾನು. ಯಂತ್ರ ಆ ಭಾಗ ಓದಲಿಲ್ಲ ಎಂದು ನಾನೊಂದು ಸಾಲು ಬರೆದರೆ ನಿರ್ದೇಶಕರ ಮಾತಿಗೆ ಆಧಾರವೇ ಇರುತ್ತಿರಲಿಲ್ಲ. ಯಂತ್ರ ಕೆಡುವುದು ಹೊಸದೇನಲ್ಲ. ನನ್ನ ಹಟ್ಟಿಯ ಬೀಜದಮನೆ ಉಳಿಯುತ್ತಿತ್ತು. ಸುಳ್ಳು ಹೇಳುವುದಿಲ್ಲ, ಆ ಸಾಲನ್ನು ಬೆರಳಚ್ಚು ಮಾಡಿಯೂ ಮಾಡಿದೆ. ಆಮೇಲೆ ಅವ್ವನಿಗೆ ಫೋನು ಮಾಡಿದೆ.

ಅವಳು ಪೂರ್ತಿ ಕೇಳಿದಳು. ಮಧ್ಯೆ ಒಂದು ಸಲ ಯಾರಿಗೋ ದನ ಕಟ್ಟಲು ಹೇಳಿದಳು.

"ಒಬ್ನಿಗೆ ಬೀಗ ಕೊಟ್ಟು ಕೆಟ್ಟಿದ್ದೂ ಈ ಊರೇ, ವಾಪಸ್ ಇಸ್ಕಂಡಿದ್ದೂ ಈ ಊರೇ," ಎಂದಳು. "ನೀನು ಕೆಟ್ಟಿದ್ದನ್ನ ಮುಚ್ಚಿಟ್ರೆ ಇಸ್ಕಂಡಿದ್ದೂ ಮುಚ್ಚೋಗ್ತೈತಲ್ಲೇ. ತೋರ್ಸು. ಎಲ್ಲಾನೂ ತೋರ್ಸು."

ಆ ಸಾಲನ್ನು ಅಳಿಸಿದೆ. ಐವತ್ತೆರಡು ಪದರಗಳ ಪೂರ್ತಿ ಪಟ್ಟಿಯನ್ನು ಆಯೋಗಕ್ಕೆ ಕಳಿಸಿದೆ.

ವಿಚಾರಣೆ ನಡೆದದ್ದು ದುರ್ಗದಲ್ಲಿ, ಆಯೋಗದ ಸಭಾಂಗಣದಲ್ಲಿ. ಅಧ್ಯಕ್ಷೆ ನ್ಯಾಯಮೂರ್ತಿ ಮುಮ್ತಾಜ್ ಹಾವೇರಿ, ಎಪ್ಪತ್ತು ದಾಟಿದವರು, ಮಾತು ಕಡಿಮೆ. ಕೈಯೋದುಗವನ್ನು ಮೇಜಿನ ಮೇಲೆ ಇಟ್ಟಿದ್ದೆವು. ಹಟ್ಟಿಯ ಹೆಂಗಸರು ಎರಡು ಟ್ರ್ಯಾಕ್ಟರ್ ಮಾಡಿಕೊಂಡು ಬಂದು ಹಿಂದಿನ ಬೆಂಚುಗಳನ್ನು ತುಂಬಿದ್ದರು. ಅವ್ವ ಹೊಸ ಸೀರೆ ಉಟ್ಟಿದ್ದಳು. ಅದರ ಅಂಗಡಿ ಚೀಟಿ ಇನ್ನೂ ಸೆರಗಿನಲ್ಲೇ ಇತ್ತು.

ಡಾ. ಪ್ರಭಂಜನ ಮೊದಲು ಮಾತಾಡಿದರು. ಅವರ ಪ್ರಾಮಾಣಿಕತೆಯನ್ನು ಮೆಚ್ಚಬೇಕು. ಜರಡಿಯ ತಪ್ಪನ್ನು ತಾವೇ ಹೇಳಿದರು, ಸೊಸೆಯರ ವಿಷಯವನ್ನು ಹೇಳಿದಾಗ ಸಭೆಯಲ್ಲಿ ನಗು ಎದ್ದಿತು, ಅವರೂ ನಕ್ಕರು. ಆಮೇಲೆ ಒಂಬತ್ತು ಪದರಗಳಿಗೆ ಬಂದರು. ನಗು ನಿಂತಿತು.

"ಒಡೆಯ ಹುಟ್ಟೇ ಹುಟ್ತಾನೆ," ಎಂದು ಮುಗಿಸಿದರು. "ಹಂಚಿಕೊಂಡು ಬಾಳೋದು ಚೆಂದದ ಆಸೆ. ಆದ್ರೆ ಅದರ ಕೊನೆ ಕೊಲೆ. ಅದನ್ನ ತಪ್ಪಿಸೋಕೆ ಈ ಕಾನೂನು."

ಅಧ್ಯಕ್ಷೆ ಕನ್ನಡಕದ ಮೇಲಿಂದ ನೋಡಿದರು. "ಆ ಮನುಷ್ಯನನ್ನ ಕೊಂದರು ಅಂತ ಪುರಾವೆ ಇದೆಯಾ?"

"ಕೊಂದಿರ್ತಾರೆ, ಮೇಡಂ. ಒಂಬತ್ತು ವರ್ಷ ಊರಿನ ಅನ್ನ ಹಿಡಿದಿಟ್ಟವನು."

"ಇರ್ತಾರೆ ಅನ್ನೋದು ಈ ಕೋಣೆಯಲ್ಲಿ ನಡೆಯಲ್ಲ ಡಾಕ್ಟ್ರೇ." ನನ್ನತ್ತ ತಿರುಗಿದರು. "ನಿರ್ವಾಹಕಿಯವರೇ, ಆ ಕೈ ಮೂವತ್ತೊಂದರ ಮೇಲೆ ಎಲ್ಲಾದ್ರೂ ಇದೆಯಾ ಅಂತ ನಿಮ್ಮ ಯಂತ್ರ ಹೇಳಬಲ್ಲದಾ?"

ಹೇಳಬಲ್ಲದು. ಆದರೆ ನಾನು ಕೇಳಿರಲಿಲ್ಲ. ನಿಜ ಹೇಳಬೇಕೆಂದರೆ, ಹೆದರಿ ಕೇಳಿರಲಿಲ್ಲ. ಅವನು ಸತ್ತದ್ದು ಖಚಿತವಾದರೆ ನಿರ್ದೇಶಕರ ಮಾತೇ ಉಳಿಯುತ್ತದೆ, ಬೀಗ ಹೋಗುತ್ತದೆ.

"ಆರು ನಿಮಿಷ ಬೇಕು," ಎಂದೆ.

"ಕಾಯ್ತೀವಿ."

ಪ್ರಶ್ನೆ ಹಾಕಿದೆ. ಯಂತ್ರ ಗೊಣಗತೊಡಗಿತು. ಯಾರೋ ಕೆಮ್ಮಿದರು. ಹಿಂದಿನ ಬೆಂಚಿನಿಂದ ಎಲೆಅಡಿಕೆ ಚೀಲದ ದಾರ ಬಿಚ್ಚುವ ಸದ್ದು, ಅದನ್ನು ಯಾರೋ ಗದರಿಸಿ ಕಟ್ಟಿಸಿದ ಸದ್ದು. ನನ್ನ ಬೆನ್ನ ಮೇಲೆ ನಲವತ್ತಾರು ಜನರ ಕಣ್ಣಿತ್ತು. ನಾಲ್ಕು ನಿಮಿಷಕ್ಕೆ ಯಂತ್ರ ಬಿಸಿಯಾಯಿತು. ನನ್ನ ಸೆರಗಿನಿಂದ ಗಾಳಿ ಹಾಕಿದೆ. ಅಧ್ಯಕ್ಷೆ ಅದನ್ನೂ ನೋಡಿದರು.

ಪರದೆಯ ಮೇಲೆ ಸಾಲು ಬಂತು. ನಾನು ಓದಿದೆ. ನನ್ನ ದನಿ ನನಗೇ ಕೇಳಿಸಲಿಲ್ಲ.

"ಜೋರಾಗಿ ಹೇಳೇ!" ಎಂದಳು ಅವ್ವ, ಆಯೋಗ ಗೀಯೋಗ ನೋಡದೆ.

"ಮೂವತ್ತೆರಡನೇ ಪದರ," ಎಂದೆ. "ಒಟ್ಟು ನೂರ ಹದಿನೆಂಟು ಕೈ. ಅವನದು ಎಪ್ಪತ್ತೊಂದನೇ ಕೈ."

ಸಾಲನ್ನು ಇನ್ನೊಮ್ಮೆ ನೋಡಿ ಅಧ್ಯಕ್ಷೆಯತ್ತ ತಿರುಗಿದೆ.

"ಅಲ್ಲೇ ಇದ್ದಾನೆ ಮೇಡಂ. ಬೀಗ ಹೋದ ವರ್ಷವೇ, ಎಲ್ಲರ ನಡುವೆ ಮಣ್ಣು ಮೆತ್ತಿದ್ದ. ಮೂವತ್ತಮೂರರಲ್ಲಿ ಇದ್ದಾನೆ, ಮೂವತ್ತನಾಲ್ಕರಲ್ಲಿ ಇದ್ದಾನೆ. ನಲವತ್ತೈದರವರೆಗೂ ಇದ್ದಾನೆ. ಹದಿನಾಲ್ಕು ವರ್ಷ."

ಕೊಲ್ಲಲಿಲ್ಲ. ಓಡಿಸಲಿಲ್ಲ. ಅವನ ಕೈಯಿಂದ ಕಾಳನ್ನು ಬಿಡಿಸಿಕೊಂಡು, ಬಾ, ನೀನೂ ಮೆತ್ತು ಎಂದಿದ್ದರು. ನೂರ ಹದಿನೇಳು ಜನ, ಮಕ್ಕಳೂ ಸೇರಿ. ಅವನ ಕೈಯ ಮುಂದಿನದು ಯಾವುದೋ ಮುದುಕಿಯದು, ಹಿಂದಿನದು ಏಳೆಂಟು ವರ್ಷದ ಹುಡುಗಿಯದು. ಹೆಸರಿಲ್ಲದ ಆ ಜನರ ಬಗ್ಗೆ ನನಗೆ ಆ ಹೊತ್ತಿನಲ್ಲಿ ಆದಷ್ಟು ಹೆಮ್ಮೆ ಯಾರ ಬಗ್ಗೆಯೂ ಎಂದೂ ಆಗಿಲ್ಲ. ಕಣ್ಣಲ್ಲಿ ನೀರು ತುಂಬಿ ಪರದೆ ಕಾಣದಾಯಿತು.

ಹಿಂದಿನ ಬೆಂಚುಗಳಿಂದ ಕೇಕೆ ಎದ್ದಿತು. ಅಧ್ಯಕ್ಷೆ ಅದನ್ನು ನಿಲ್ಲಿಸಲು ಹೋಗಲಿಲ್ಲ, ಅದು ತಾನಾಗಿ ಇಳಿಯುವವರೆಗೆ ಕೈ ಕಟ್ಟಿ ಕೂತಿದ್ದರು. ಆಮೇಲೆ ಆದೇಶವನ್ನು ಅಲ್ಲಿಯೇ ಹೇಳಿ ಬರೆಸಿದರು. ಅದರ ಮಾತುಗಳು ಈಗ ಬಹಳ ಜನರಿಗೆ ಬಾಯಿಪಾಠ.

"ಸಂಗ್ರಹವಿದ್ದಲ್ಲಿ ಒಡೆಯ ಹುಟ್ಟುವುದು ನಿಯಮವೆಂಬುದಕ್ಕೆ ಪುರಾವೆಯಿಲ್ಲ. ಮೇಲುಕೀಳನ್ನು ಜನ ಮಾಡಿದ್ದಾರೆ, ಜನರೇ ಅಳಿಸಿದ್ದಾರೆ, ರಕ್ತ ಹರಿಸದೆಯೂ ಅಳಿಸಿದ್ದಾರೆ. ಈ ಮಸೂದೆ ತಿರಸ್ಕೃತ. ಇನ್ನು ಮುಂದೆ ಹಂಚಿಕೊಂಡು ಬಾಳುವವರಿಂದ ಈ ಆಯೋಗ ಪುರಾವೆ ಕೇಳುವುದಿಲ್ಲ. ಒಡೆಯ ಬೇಕೆನ್ನುವವರು ತರಲಿ."

ಹೊರಗೆ ಬಿಸಿಲು ಚುರುಗುಟ್ಟುತ್ತಿತ್ತು. ಹೆಂಗಸರು ಟ್ರ್ಯಾಕ್ಟರ್ ಹತ್ತುವ ಮೊದಲೇ ಹಾಡು ಶುರು ಮಾಡಿದ್ದರು. ಅವ್ವ ನನ್ನ ತೋಳು ಹಿಡಿದು ಅತ್ತಳು, ಅತ್ತದ್ದಕ್ಕೆ ನನಗೇ ಬೈದಳು. ಅಷ್ಟರಲ್ಲಿ ಡಾ. ಪ್ರಭಂಜನ ಬಂದರು. ಮುಖ ಇಳಿದಿತ್ತು. ಅವ್ವನ ಮುಂದೆ ನಿಂತು ಕನ್ನಡಕ ಒರೆಸಿದರು.

"ಓಬಮ್ಮನೋರೇ, ಆವತ್ತು ನಿಮ್ಮನ್ನ ಹಳ್ಳದಾಚೆ ನಿಲ್ಲಿಸಿದ್ದೆ. ತಪ್ಪಾಯ್ತು." ಕನ್ನಡಕ ಹಾಕಿಕೊಂಡರು. "ಬೀಜ ಹಂಚೋ ದಿನ ನಾನು ಬಂದು ನೋಡಬಹುದಾ?"

ಅವ್ವ ಅವರನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಟ್ರ್ಯಾಕ್ಟರ್ ಮೇಲಿದ್ದವರೂ ಹಾಡು ನಿಲ್ಲಿಸಿ ಕಿವಿ ಕೊಟ್ಟರು.

"ನೋಡೋಕೆ ಯಾಕೆ ಬತ್ತೀರಿ ಸ್ವಾಮಿ," ಎಂದಳು. "ಕೆಲ್ಸಕ್ಕೆ ಬನ್ನಿ. ಬಾಗ್ಲ ಮಣ್ಣು ಒಡೆದು ಮತ್ತೆ ಮೆತ್ತೋರು ಎಷ್ಟಿದ್ರೂ ಸಾಲದು."

ಅವರು ಬಂದರು. ಬಿತ್ತನೆಗೆ ಮುಂಚಿನ ಒಂದು ಬೆಳಿಗ್ಗೆ, ಪ್ಯಾಂಟು ಮಡಚಿಕೊಂಡು, ಎಲ್ಲರ ಜೊತೆ ಬಾಗಿಲ ಮಣ್ಣು ಒಡೆದು, ಅರವತ್ತು ಜನರ ಸಾಲಿನಲ್ಲಿ ನನ್ನ ಮುಂದೆ ನಿಂತರು. ಆ ವರ್ಷ ಅಳೆದವಳು ಹಿರಿಯೂರಿನ ಕಡೆಯಿಂದ ಬಂದ ಹೊಸ ಸೊಸೆ. ಅವಳು ಡಾ. ಪ್ರಭಂಜನರ ಹೆಸರನ್ನೂ ಕೇಳದೆ, ಸೇರು ಸಮ ಮಾಡಿ, ಎಲ್ಲರಿಗೂ ಕೊಟ್ಟಷ್ಟೇ ಕೊಟ್ಟಳು. ಅವರು ಎರಡೂ ಕೈಯೊಡ್ಡಿ ತೆಗೆದುಕೊಂಡರು.